ನಮ್ಮಪ್ಪ ಡಾಕ್ಟರ್ ಆದದ್ದು

ನಮ್ಮಪ್ಪ ಡಾಕ್ಟರ್ ಆದದ್ದು ಸತ್ತ ಮೇಲೆ. ಬದುಕಿದ್ದಷ್ಟು ದಿನ ಅವನು ಶಿಕಾಗೋದಲ್ಲಿ ಸಿಟಿ ಬಸ್ಸುಗಳ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ. ಹೆಸರು ಪರ್ಸಿ ವಿಟ್ಲೋ. ಅವನನ್ನು ಕಣ್ಣಿನ ಡಾಕ್ಟರ್ ಮಾಡಿದ್ದು ನನ್ನ ತಮ್ಮ ಥರ್ಮನ್. ಅಪ್ಪನನ್ನು ಕೇಳುವಂತಿರಲಿಲ್ಲ, ಅಮ್ಮನನ್ನು ಕೇಳಲಿಲ್ಲ, ನನ್ನನ್ನಂತೂ ನಮ್ಮ ಮನೆಯಲ್ಲಿ ಯಾರೂ ಏನೂ ಕೇಳುವುದಿಲ್ಲ.

ಥರ್ಮನ್ ಚಿಕ್ಕಂದಿನಿಂದ ತಮಾಷೆ ಬರೆಯುವವನು. ಲಾಸ್ ಏಂಜಲಿಸ್‌ಗೆ ಹೋಗಿ, ಬೇರೆಯವರ ಧಾರಾವಾಹಿಗಳಿಗೆ ನಗೆಮಾತು ಬರೆದು ಬರೆದು ಸವೆದು, ಕೊನೆಗೆ ತನ್ನದೇ ಒಂದು ಹಾಸ್ಯ ಧಾರಾವಾಹಿ ಗಿಟ್ಟಿಸಿದ. ಹೆಸರು ‘ಮೆರಿವೆದರ್ ಮನೆ’. ಇಸವಿ ತೊಂಬತ್ತೊಂದರ ಸುಮಾರು. ಕಪ್ಪು ಜನ ಟಿವಿಯಲ್ಲಿ ಸೂಟು ಹಾಕಿಕೊಂಡು ಕಾಣಿಸಿದರೆ ಊರೆಲ್ಲ ಮಾತಾಡಿಕೊಳ್ಳುತ್ತಿದ್ದ ಕಾಲ. ಇದು ನಮ್ಮ ಮನೆಯದೇ ಕಥೆ ಎಂದು ಥರ್ಮನ್ ಪತ್ರಿಕೆಯವರಿಗೆಲ್ಲ ಹೇಳಿಬಿಟ್ಟ. ಹಾಗಾಗಿ ನಾವು ಯಾರು, ಎಂಥವರು ಎಂದು ತಿಳಿದುಕೊಳ್ಳಲು ಪ್ರತಿ ಗುರುವಾರ ಸಂಜೆ ಏಳಕ್ಕೆ ಅಮ್ಮನ ಮನೆಯಲ್ಲಿ ಟಿವಿ ಮುಂದೆ ಕೂರತೊಡಗಿದೆವು.

ತಿಳಿದದ್ದು ಬಹಳ. ನಮ್ಮ ಮನೆಗೆ ದೊಡ್ಡ ಮೆಟ್ಟಿಲುಸಾಲು ಇದೆಯಂತೆ, ಗೋಡೆ ತುಂಬ ಆಫ್ರಿಕಾದ ಮುಖವಾಡಗಳಂತೆ. ನಿಜದಲ್ಲಿ ನಮ್ಮ ಗೋಡೆಯ ಮೇಲಿದ್ದದ್ದು ಹೆಣ ಸಾಗಿಸುವ ಅಂಗಡಿಯವರು ವರ್ಷವರ್ಷ ಹಂಚುವ ಕ್ಯಾಲೆಂಡರು. ಮೆರಿವೆದರ್ ಮಕ್ಕಳು ಮುಂದಿನ ಕೋಣೆಯ ಸೋಫಾ ಮೇಲೆ ಬೂಟುಗಾಲಿಟ್ಟು ಮಲಗುತ್ತಿದ್ದರು. ನಮ್ಮ ಮುಂದಿನ ಕೋಣೆಯ ಸೋಫಾಕ್ಕೆ ಪ್ಲಾಸ್ಟಿಕ್ ಹೊದಿಕೆ ಇತ್ತು, ಅದರ ಮೇಲೆ ಪಾದ್ರಿಗಳು ಮಾತ್ರ ಕೂರಬಹುದಿತ್ತು, ಅವರೂ ಬೆವರದಿದ್ದರೆ.

ಇನ್ನು ಅಮ್ಮ. ನನ್ನ ಅಮ್ಮ ಓಜೆಲ್ಲಾ ವಿಟ್ಲೋ ಶಾಲೆಯ ಹೆಡ್‌ಮಿಸ್ಟ್ರೆಸ್ ಆಗಿದ್ದವಳು. ಅವಳು ಕಾರಿಡಾರಿನಲ್ಲಿ ಬರುವ ಸದ್ದು ಕೇಳಿದರೆ ಗಂಡು ಮೇಷ್ಟ್ರುಗಳೂ ಟೈ ಸರಿಮಾಡಿಕೊಳ್ಳುತ್ತಿದ್ದರು. ಧಾರಾವಾಹಿಯಲ್ಲಿ ಆಕೆ ಸಿಲ್ವಿಯಾ ಮೆರಿವೆದರ್ ಆಗಿದ್ದಳು. ಕಾನೂನು ಓದಿದ್ದಾಳೆ, ಆದರೆ ಕೋರ್ಟಿನ ಮುಖ ನೋಡಿದವಳಲ್ಲ. ಯಾವಾಗ ನೋಡಿದರೂ ಅಡುಗೆಮನೆಯಲ್ಲಿ ದೊಡ್ಡ ಬಟ್ಟಲು ಹಿಡಿದು ಹಸಿ ಸೊಪ್ಪು ಕಲಸುತ್ತ ನಗುತ್ತಿರುತ್ತಾಳೆ. ಎರಡು ವರ್ಷದಲ್ಲಿ ಆಕೆ ಕಲಸಿದ ಸೊಪ್ಪಿನಲ್ಲಿ ಒಂದು ಹಸು ಸಾಕಬಹುದಿತ್ತು.

ನಾನು ಔಷಧಿ ಅಂಗಡಿ ನಡೆಸುವವಳು, ನನಗೆ ಕಲೆ ಗಿಲೆ ತಿಳಿಯದು. ಆದರೂ ಒಮ್ಮೆ ತಮ್ಮನನ್ನು ಕೇಳಿಯೇಬಿಟ್ಟೆ.

“ಅಲ್ವೋ, ಅಮ್ಮ ಶಾಲೆ ನಡೆಸಿದ್ದನ್ನ ತೋರಿಸಿದ್ರೆ ಏನೋ ಗಂಟು ಹೋಗ್ತಿತ್ತು ನಿಂದು?”

“ಅಕ್ಕಾ, ನಿಂಗೆ ಈ ಊರು ಗೊತ್ತಿಲ್ಲ,” ಎಂದ ಫೋನಿನಲ್ಲಿ. “ಗಂಡ ಬಸ್ಸಿನ ಕೆಳಗೆ ಮಲಗಿ ಗ್ರೀಸ್ ಹಚ್ತಾನೆ, ಹೆಂಡ್ತಿ ಆರ್ಡರ್ ಮಾಡ್ತಾಳೆ ಅಂತ ತೋರಿಸ್ಲಾ? ‘ನೋಡಿ, ಕರಿಯರ ಮನೇಲಿ ಗಂಡಸಿಗೆ ಬೆಲೆ ಇಲ್ಲ, ಹೆಂಗಸರೆಲ್ಲ ಗಯ್ಯಾಳಿಗಳು’ ಅಂತ ಕುಣಿದಾಡ್ತಾರೆ ಬಿಳಿಯರು. ಅವ್ರು ಅದನ್ನ ಕೇಳೋಕೇ ಕಾಯ್ತಿರ್ತಾರೆ. ನಾನು ಅವ್ರಿಗೆ ಆ ಸಂತೋಷ ಕೊಡಲ್ಲ.”

ಅವನು ಹೇಳಿದ್ದು ಸುಳ್ಳಲ್ಲ, ಅದೇ ನನಗೆ ಉರಿ. ಸುಳ್ಳಾಗಿದ್ದರೆ ಬೈಯಬಹುದಿತ್ತು.

ಥರ್ಮನ್‌ಗೆ ಪ್ರಶಸ್ತಿ ಬಂತು, ದೊಡ್ಡ ಮನೆ ಬಂತು, ಮೇಯರ್ ಕೈಕುಲುಕಿದ ಫೋಟೋ ಬಂತು. ಅವನಿಗೆ ಬೇಕಾದ್ದು ಮಾತ್ರ ಬರಲಿಲ್ಲ. ಅವನಿಗೆ ಬೇಕಾಗಿದ್ದು ಅಮ್ಮನ ಒಂದು ಮಾತು. ಪ್ರತಿ ಗುರುವಾರ ಧಾರಾವಾಹಿ ಮುಗಿಯುತ್ತಿದ್ದಂತೆ ಫೋನ್ ಮಾಡುತ್ತಿದ್ದ.

“ಅಮ್ಮ ಏನಂದ್ಲು?”

“ಆ ಚಿಕ್ಕ ಹುಡುಗಿಗೆ ಜಡೆ ಚೆನ್ನಾಗಿ ಹೆಣೆದಿದ್ದಾರೆ ಅಂದ್ಲು.”

“ಅಷ್ಟೇನಾ?”

“ಆಮೇಲೆ ಟಿವಿ ಆರಿಸು ಅಂದ್ಲು.”

ಎರಡು ವರ್ಷ ಹೀಗೇ ನಡೆಯಿತು. ಚೆನ್ನಾಗಿದೆ ಎನ್ನಲಿಲ್ಲ, ಚೆನ್ನಾಗಿಲ್ಲ ಎನ್ನಲಿಲ್ಲ. ನಲವತ್ತು ದಾಟಿದ ಗಂಡಸು, ಕೈಕೆಳಗೆ ನೂರು ಜನ ಕೆಲಸ ಮಾಡುವವನು, ಪ್ರತಿ ವಾರ ಫಲಿತಾಂಶಕ್ಕೆ ಕಾದ ಹುಡುಗನ ಹಾಗೆ ಫೋನ್ ಹಿಡಿದು ನಿಂತಿರುತ್ತಿದ್ದ. ನನಗೆ ಅವನ ಮೇಲೆ ಎಷ್ಟು ಸಿಟ್ಟಿತ್ತೋ ಅಷ್ಟೇ ಕರುಳು ಚುರುಕ್ ಎನ್ನುತ್ತಿತ್ತು. ಕೊನೆಗೆ, ತಾಯಂದಿರ ದಿನಕ್ಕೆಂದು ಬರೆದ ಕಂತಿನ ಚಿತ್ರೀಕರಣಕ್ಕೆ ಅಮ್ಮನನ್ನು ಕರೆಸಿಕೊಂಡ. ಕಣ್ಣಾರೆ ನೋಡಿದರೆ ಬಾಯಿ ಬಿಟ್ಟಾಳು ಎಂಬ ಆಸೆ. ಜೊತೆಗೆ ನಾನೂ ಹೋದೆ. ಅಮ್ಮ ಚರ್ಚಿಗೆ ಹಾಕುವ ನೇರಳೆ ಟೋಪಿಯನ್ನು ಅದರದೇ ಡಬ್ಬಿಯಲ್ಲಿಟ್ಟುಕೊಂಡು, ವಿಮಾನದಲ್ಲಿ ತೊಡೆಯ ಮೇಲಿಟ್ಟುಕೊಂಡೇ ಕೂತಿದ್ದಳು.

ಇಂಥ ಧಾರಾವಾಹಿಗಳನ್ನು ಜನರನ್ನು ಕೂರಿಸಿ, ಅವರ ಮುಂದೆಯೇ ತೆಗೆಯುತ್ತಾರೆ, ನಗು ನಿಜವಾಗಿರಲಿ ಎಂದು. ಆ ದಿನ ಅರ್ಧ ಮಂದಿ ರಜೆಗೆ ಬಂದ ಬಿಳಿ ಪ್ರವಾಸಿಗಳು. ಉಳಿದರ್ಧ ಎರಡು ಬಸ್ಸುಗಳಲ್ಲಿ ಬಂದಿಳಿದ ನಮ್ಮವರ ಚರ್ಚಿನ ಹೆಂಗಸರು, ಒಬ್ಬೊಬ್ಬರ ತಲೆಯ ಮೇಲೂ ಒಂದೊಂದು ಹೂದೋಟದಂಥ ಟೋಪಿ. ಅಮ್ಮನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. “ಈ ಕಥೆಗೆಲ್ಲ ಮೂಲ ಇವರೇ!” ಎಂದು ಮೈಕಿನಲ್ಲಿ ಕೂಗಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಮ್ಮ ತಲೆ ಬಾಗಿಸಲಿಲ್ಲ, ಟೋಪಿ ವಾಲೀತೆಂದು.

ಆ ಕಂತಿನ ಕಥೆ ಹೀಗಿತ್ತು. ಟಿವಿಯ ನಮ್ಮಪ್ಪ, ಕಣ್ಣಿನ ಡಾಕ್ಟರ್ ಮೆರಿವೆದರ್‌ಗೆ ಆಸ್ಪತ್ರೆಯಲ್ಲಿ ಮುಖ್ಯಸ್ಥನ ಹುದ್ದೆ ತಪ್ಪಿದೆ, ಮುಖ ಬಾಡಿದೆ. ಸಂಜೆ ಮನೆಯಲ್ಲಿ ನಾಲ್ಕು ಜನ ಇಸ್ಪೀಟಿಗೆ ಕೂರುತ್ತಾರೆ. ಆಟದ ಹೆಸರು ಸ್ಪೇಡ್ಸ್. ನಮ್ಮವರ ಮನೆಗಳಲ್ಲಿ ಮಕ್ಕಳು ಮಗ್ಗಿಗಿಂತ ಮೊದಲು ಕಲಿಯುವ ಆಟ ಅದು. ಎದುರುಬದುರು ಕೂತ ಇಬ್ಬರು ಒಂದು ಜೊತೆ. ಡಾಕ್ಟರ್ ಮತ್ತು ಅವನ ಭಾವ ಒಂದು ಕಡೆ, ಸಿಲ್ವಿಯಾ ಮತ್ತು ಅವಳ ತಂಗಿ ಇನ್ನೊಂದು ಕಡೆ. ಒಬ್ಬರು ಡೈಮಂಡ್ ಇಳಿಸಿದರೆ, ಕೈಯಲ್ಲಿ ಡೈಮಂಡ್ ಇರುವವರು ಡೈಮಂಡನ್ನೇ ಹಾಕಬೇಕು. ಇಟ್ಟುಕೊಂಡು ಬೇರೆ ಹಾಕಿದರೆ ಅದು ಕಳ್ಳಾಟ. ಸಿಕ್ಕಿಬಿದ್ದರೆ ಗೆದ್ದ ಸುತ್ತುಗಳಲ್ಲಿ ಮೂರನ್ನು ಎದುರಾಳಿಗೆ ಒಪ್ಪಿಸಬೇಕು. ಈ ಕಳ್ಳಾಟದ ದೆಸೆಯಿಂದ ನಮ್ಮ ಬಳಗದಲ್ಲಿ ಒಂದು ಮದುವೆ ನಿಂತಿದೆ, ಒಂದು ಹೆಣ ಹೊರುವಾಗ ಇಬ್ಬರು ಒಂದೇ ಬದಿಗೆ ಹೆಗಲು ಕೊಡಲು ಒಪ್ಪಲಿಲ್ಲ.

ಥರ್ಮನ್‌ಗೆ ಇದು ಗೊತ್ತಿರಬೇಕಿತ್ತು. ಆದರೆ ಅವನು ಹುಡುಗನಿದ್ದಾಗಲೂ ಮೇಜಿನ ಕೆಳಗೆ ಪುಸ್ತಕ ಓದುತ್ತ ಕೂರುತ್ತಿದ್ದ, ಅವನನ್ನು ಯಾರೂ ಜೊತೆ ಹಾಕಿಕೊಳ್ಳುತ್ತಿರಲಿಲ್ಲ. ಅವನ ಕೋಣೆಯಲ್ಲಿ ಕೂತು ಬರೆಯುವ ಉಳಿದವರು ದೊಡ್ಡ ದೊಡ್ಡ ಕಾಲೇಜಿನಿಂದ ಬಂದ ಬಿಳಿ ಹುಡುಗರು. ಎಲ್ಲರೂ ಸೇರಿ ಒಂದು ಮನ ಮಿಡಿಯುವ ದೃಶ್ಯ ಬರೆದಿದ್ದರು.

ಆಟ ತೀರ್ಮಾನವಾಗುವ ಸುತ್ತು, ಕೈಯಲ್ಲಿ ಇನ್ನೆರಡೇ ಎಲೆ. ಡಾಕ್ಟರ್ ಡೈಮಂಡ್ ರಾಜನನ್ನು ಇಳಿಸುತ್ತಾನೆ. ಸಿಲ್ವಿಯಾ ಕೈಯಲ್ಲಿ ರಾಜನನ್ನೂ ಸೋಲಿಸುವ ಡೈಮಂಡ್ ಎಕ್ಕ ಇದೆ. ಕ್ಯಾಮೆರಾ ಅದನ್ನು ಹತ್ತಿರದಿಂದ ತೋರಿಸುತ್ತದೆ, ನಮ್ಮ ತಲೆಯ ಮೇಲೆ ತೂಗುಹಾಕಿದ ಟಿವಿಗಳಲ್ಲಿ ಅದು ತಟ್ಟೆಯಷ್ಟು ದೊಡ್ಡದಾಗಿ ಕಂಡಿತು. ಆಕೆ ಎಕ್ಕವನ್ನು ಎಳೆಯುತ್ತಾಳೆ, ಗಂಡನ ಬಾಡಿದ ಮುಖ ನೋಡುತ್ತಾಳೆ, ಎಕ್ಕವನ್ನು ಮೆಲ್ಲಗೆ ಹಿಂದಕ್ಕೆ ಸೇರಿಸಿ ಒಂದು ಸಣ್ಣ ಕಳಾವರ್ ಹಾಕುತ್ತಾಳೆ. ಡಾಕ್ಟರ್ ಗೆದ್ದು ಕುಣಿಯುತ್ತಾನೆ. ಆಕೆ ಕಣ್ಣಂಚಿನಲ್ಲಿ ನಗುತ್ತಾಳೆ.

ಪ್ರವಾಸಿಗಳೆಲ್ಲ “ಅಯ್ಯೋ ಪಾಪ” ಎಂದು ಕರಗಿದರು. ಚರ್ಚಿನ ಹೆಂಗಸರ ಕಡೆಯಿಂದ ಬಂದ ಸದ್ದು ಬೇರೆ. ಕುದಿಯುವ ಎಣ್ಣೆಗೆ ನೀರು ಬಿದ್ದ ಸದ್ದು ಅದು. ಚರ್ಚಿನವರು ಇಸ್ಪೀಟು ಮುಟ್ಟುವುದಿಲ್ಲ ಎಂದು ಚಿಕ್ಕಂದಿನಿಂದ ಕೇಳಿ ನಂಬಿದ್ದೆ. ಆ ಸಂಜೆ ನಂಬಿಕೆ ಹೋಯಿತು.

ಅಷ್ಟರಲ್ಲಿ ಅಮ್ಮ ಎದ್ದು ನಿಂತಿದ್ದಳು.

“ನಿಲ್ಸಿ,” ಎಂದಳು.

ಕೂಗಲಿಲ್ಲ, ಶಾಲೆಯಲ್ಲಿ ಹೇಳುತ್ತಿದ್ದ ಹಾಗೆ ಹೇಳಿದಳು. ನಟರು ನಿಂತರು, ಕ್ಯಾಮೆರಾದವರು ನಿಂತರು, ಬಾಗಿಲ ಬಳಿ ಮಿಠಾಯಿ ಹಂಚಲು ನಿಂತಿದ್ದವನು ಕೈ ಜೇಬಿನಿಂದ ಹೊರತೆಗೆದ. ಮೇಲಿನ ಗಾಜಿನ ಕೋಣೆಯಿಂದ ನಿರ್ದೇಶಕನ ದನಿ ಬಂತು, ಕಟ್ ಎಂದಿದ್ದು ಯಾರು ಎಂದು.

“ಮಗೂ, ಆ ಎಕ್ಕ ತೋರ್ಸು,” ಎಂದಳು ಅಮ್ಮ, ಸಿಲ್ವಿಯಾ ಪಾತ್ರದವಳಿಗೆ.

ಆಕೆ ದೇಶವೆಲ್ಲ ಬಲ್ಲ ನಟಿ. ಎಲೆ ತೋರಿಸಿದಳು. “ಅಮ್ಮಾ, ಕಥೇಲಿ ಹಾಗೇ ಬರೆದಿದ್ದಾರೆ.”

“ಕಥೇಲಿ ಏನಾದ್ರೂ ಬರ್ಕೊಳ್ಲಿ. ಡೈಮಂಡ್ ಇಟ್ಕೊಂಡು ಕಳಾವರ್ ಹಾಕಿದ್ಯಲ್ಲ, ಯಾರ ಮನೇಲಿ ಕಲಿತೆ ಇದನ್ನ?”

ಥರ್ಮನ್ ಓಡಿಬಂದ. “ಅಮ್ಮಾ, ಅಮ್ಮಾ, ಅವಳು ಗಂಡನ ಮೇಲಿನ ಪ್ರೀತಿಗೆ ಬೇಕೂ ಅಂತ ಸೋಲ್ತಿದ್ದಾಳೆ.”

“ಸೋಲ್ತಿಲ್ಲ, ಮೋಸ ಮಾಡ್ತಿದ್ದಾಳೆ. ಎದುರಿಗೆ ಕೂತಿರೋ ತಂಗಿ ಗತಿ ಏನು? ಅವಳು ಪಾಪ ಒಂದೊಂದು ಎಲೆ ನೆನಪಿಟ್ಕೊಂಡು ಆಡಿದಾಳೆ. ಗಂಡನ ಮುಖ ಸಪ್ಪಗಿದೆ ಅಂತ ತಂಗಿ ಆಟಾನ ಬೀದಿಗೆ ಬಿಸಾಕ್ತಾರಾ?”

“ಹೇಳಿ ಅಮ್ಮಾ, ಹೇಳಿ!” ಎಂದಿತು ಹಿಂದಿನಿಂದ ಒಂದು ಟೋಪಿ.

“ಮೂರು ಸುತ್ತು ವಾಪಸ್ ಕೊಡ್ಸಿ!” ಎಂದಿತು ಇನ್ನೊಂದು.

ತಂಗಿ ಪಾತ್ರದವಳಿಗೆ ಆ ದೃಶ್ಯದಲ್ಲಿ ಒಂದೂ ಮಾತಿರಲಿಲ್ಲ. ಆಕೆ ಈಗ ಬಾಯಿಬಿಟ್ಟಳು. “ನಾನು ಸೋಮವಾರಾನೇ ಹೇಳ್ದೆ ಇವ್ರಿಗೆ. ಯಾರು ಕೇಳ್ತಾರೆ?”

ಅಮ್ಮ ಡಾಕ್ಟರ್ ಕಡೆ ತಿರುಗಿದಳು. ಆ ಪಾತ್ರ ಮಾಡುವವನು ಆಗಸ್ಟಸ್ ಪೇನ್ ಎಂಬ ಹಳೆಯ ನಾಟಕದ ನಟ, ಮಾತಾಡಿದರೆ ಗಂಟೆ ಬಾರಿಸಿದಂತಿರುತ್ತದೆ.

“ನಿಮಗೂ ಗೊತ್ತಾಗ್ಲಿಲ್ವಾ ಡಾಕ್ಟರೇ, ಹೆಂಡ್ತಿ ಎಲೆ ಬಚ್ಚಿಟ್ಟಿದ್ದು?”

“ನನ್ನ ಪಾತ್ರಕ್ಕೆ ಗೊತ್ತಾಗಲ್ಲ ತಾಯಿ,” ಎಂದ ಅವನು ಗಂಭೀರವಾಗಿ.

“ಕಣ್ಣೆದುರಿಗೆ ನಡೆದಿದ್ದು ಕಾಣದವರ ಕೈಗೆ ಜನ ಕಣ್ಣು ಕೊಡ್ತಾರಾ?”

ಆ ಧಾರಾವಾಹಿಯ ಎರಡು ವರ್ಷದಲ್ಲಿ ಅಂಥ ನಗು ಬಂದಿರಲಿಲ್ಲವಂತೆ. ಧ್ವನಿ ನೋಡಿಕೊಳ್ಳುವವನು ಕಿವಿಯಿಂದ ಯಂತ್ರ ಕಿತ್ತುಹಾಕಿದ. ಥರ್ಮನ್ ಒಬ್ಬನೇ ನಗಲಿಲ್ಲ. ಅವನ ಕೆಳತುಟಿ ಒಳಕ್ಕೆ ಹೋಗಿತ್ತು, ಎಂಟು ವರ್ಷದವನಿದ್ದಾಗ ಹೋಗುತ್ತಿದ್ದ ಹಾಗೆ. ಅಮ್ಮನ ಮೊಣಕೈ ಹಿಡಿದು ಸೆಟ್ಟಿನ ಹಿಂದಕ್ಕೆ ಕರೆದೊಯ್ದ. ನಾನೂ ಹಿಂದೆಯೇ ಹೋದೆ. ನನ್ನನ್ನು ಬಾ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ.

ಹಿಂದೆ ಬರೀ ಹಲಗೆ, ಮೊಳೆ, ವೈರು. ಆ ದೊಡ್ಡ ಮೆಟ್ಟಿಲುಸಾಲು ಮೇಲೆ ಹೋಗಿ ಒಂದು ಹಲಗೆಗೆ ಮುಗಿಯುತ್ತಿತ್ತು.

“ಎರಡು ವರ್ಷ ಅಮ್ಮಾ,” ಎಂದ ಥರ್ಮನ್. “ಎರಡು ವರ್ಷದಿಂದ ಕೇಳ್ತಿದೀನಿ. ಒಂದು ಮಾತು ಆಡ್ಲಿಲ್ಲ ನೀನು. ಇವತ್ತು ಆಡಿದ್ದು ನೂರಾರು ಜನರ ಮುಂದೆ, ಅದೂ ಇಸ್ಪೀಟಿನ ಬಗ್ಗೆ.”

“ಇಸ್ಪೀಟಿನ ಬಗ್ಗೆ ನಂಗೆ ಗೊತ್ತು, ಮಾತಾಡ್ದೆ.”

“ಮತ್ತೆ ನಮ್ಮ ಮನೆ ಬಗ್ಗೆ?”

ಅಮ್ಮ ಕೂರಲು ಜಾಗ ಹುಡುಕಿದಳು. ನಾನು ಒಂದು ಪೆಟ್ಟಿಗೆ ಎಳೆದುಕೊಟ್ಟೆ. ಕರ್ಚೀಫಿನಿಂದ ಒರೆಸಿ ಕೂತಳು.

“ಒಳ್ಳೇ ಸಂಸಾರ ಅದು, ಥರ್ಮನ್. ಮರ್ಯಾದಸ್ತರು. ನಮ್ಮ ಬೀದೀಲಿ ಮನೆ ಮಾಡಿದ್ರೆ ನಾನೇ ಕೇಕು ಮಾಡ್ಕೊಂಡು ಹೋಗಿ ಮಾತಾಡಿಸ್ತಿದ್ದೆ. ಪ್ರತಿ ಗುರುವಾರ ಅವರ ಮನೆ ನೋಡ್ಕೊಂಡು ಕೂತಿರ್ತೀನಿ. ಈ ವಾರ ಬರ್ತಾನೆ, ಮುಂದಿನ ವಾರ ಬರ್ತಾನೆ ಅಂತ ಕಾಯ್ತೀನಿ.”

“ಯಾರು?”

“ನಿಮ್ಮಪ್ಪ.”

ಸೆಟ್ಟಿನ ಆ ಬದಿಯಲ್ಲಿ ಜನ ಇನ್ನೂ ಆ ಎಕ್ಕದ ಬಗ್ಗೆ ಜಗಳವಾಡುತ್ತಿದ್ದರು.

“ಮನೆಗೇ ಬಾರದಿದ್ರೆ ಬೇಡ. ಆ ಡಾಕ್ಟರ ಕಾರು ರಿಪೇರಿಗಾದ್ರೂ ಒಂದಿನ ಬರಬಹುದಿತ್ತಲ್ಲ,” ಎಂದಳು ಅಮ್ಮ. ದನಿ ಮೊದಲಿನಂತೆಯೇ ಇತ್ತು, ಕೈ ಮಾತ್ರ ಕರ್ಚೀಫನ್ನು ಮಡಿಚುತ್ತಲೇ ಇತ್ತು.

“ನಾನು ಅಪ್ಪನಿಗೆ ನಾಚಿಕೊಂಡು ಹೀಗೆ ಮಾಡ್ಲಿಲ್ಲ ಅಮ್ಮಾ. ಅವ್ರು ಅಪ್ಪನ್ನ ನೋಡಿ ನಗ್ತಿದ್ರು.”

“ನಗೋ ಧಾರಾವಾಹಿ ಅಲ್ವೇನೋ ಇದು?”

“ಬೇರೆ ಥರ ನಗ್ತಿದ್ರು.”

“ಗೊತ್ತು ನಂಗೆ. ಬದುಕಿರೋವಾಗ್ಲೂ ನಕ್ಕಿದ್ರು. ನನ್ನ ಕಾಲೇಜಿನ ಗೆಳತೀರೇ ನಕ್ಕಿದ್ರು, ಓದಿರೋಳು ಗ್ರೀಸಿನವನ್ನ ಕಟ್ಕೊಂಡ್ಲು ಅಂತ. ನಾನು ಅವನ ಬದಲು ಬೇರೆಯವನ್ನ ಕೂರಿಸ್ಲಿಲ್ಲ.”

ನನಗೆ ಅಳು ಬಂತು. ಅಳುವುದು ನನಗೆ ಒಗ್ಗುವುದಿಲ್ಲ, ಆದ್ದರಿಂದ ವೈರು ಎಡವಿದವಳಂತೆ ಅತ್ತ ತಿರುಗಿ ನಿಂತೆ.

ಥರ್ಮನ್ ಬಹಳ ಹೊತ್ತು ಆ ಹಲಗೆಗೆ ಮುಗಿಯುವ ಮೆಟ್ಟಿಲನ್ನೇ ನೋಡುತ್ತಿದ್ದ. ಆಮೇಲೆ ಮುಖ ಒರೆಸಿಕೊಂಡು ಹೊರಗೆ ಹೋದ. “ಇನ್ನೊಂದ್ಸಲ ತೆಗೀತೀವಿ,” ಎಂದ ಎಲ್ಲರಿಗೂ. “ಎಕ್ಕ ಹಾಕಿ.”

ನಟಿ ಎಕ್ಕ ಹಾಕಿದಳು. ಮೆಲ್ಲಗೆ ಹಾಕಲಿಲ್ಲ. ನಮ್ಮವರು ಹಾಕುವ ಹಾಗೆ ತಲೆಯ ಮೇಲಿನವರೆಗೆ ಎತ್ತಿ, ಮೇಜು ಅದುರುವಂತೆ ಬಡಿದಳು. ತಂಗಿ ಪಾತ್ರದವಳು ಕುರ್ಚಿಯಿಂದ ಹಾರಿದಳು. ಟೋಪಿಗಳೆಲ್ಲ ಎದ್ದು ನಿಂತವು. ಡಾಕ್ಟರ್ ಮೆರಿವೆದರ್ ಹುಟ್ಟಿದಾರಭ್ಯ ಮೊದಲ ಸಲ ಸೋತ. ಸೋತು, ಸುತ್ತ ನೋಡಿದ.

“ಈಗ ನಾನೇನು ಮಾಡ್ಬೇಕು?” ಎಂದ ಪೇನ್. “ಇಲ್ಲಿಂದ ಮುಂದೆ ಬರೆದಿದ್ದೆಲ್ಲ ನಾನು ಗೆದ್ದಿದ್ದಕ್ಕೆ.”

ಬರೆಯುವ ಬಿಳಿ ಹುಡುಗರು ಹಾಳೆ ತಿರುವಿಹಾಕಿದರು. ಥರ್ಮನ್ ಅವರನ್ನು ನೋಡಲಿಲ್ಲ. ನೇರ ಸೆಟ್ಟಿನೊಳಗೆ ನಡೆದ.

“ಸೋತವರು ಏಳ್ಬೇಕು,” ಎಂದ. “ಕುರ್ಚಿ ಮುಂದಿನ ಜೊತೆಗೆ ಬಿಡ್ಬೇಕು. ವಾದ ಮಾಡೋ ಹಾಗಿಲ್ಲ. ಎದ್ದು ಹೋಗಿ ಎಲ್ಲರ ಲೋಟ ತೊಳೀಬೇಕು. ಏಳಿ, ತೋರಿಸ್ತೀನಿ.”

ತಾನೇ ಆ ಕುರ್ಚಿಯಲ್ಲಿ ಕೂತ. ಮೊದಲು ಎರಡೂ ಅಂಗೈ ತೊಡೆಗೆ ಒತ್ತಿಕೊಂಡು, ಬೆನ್ನು ಹಿಡಿದವನ ಹಾಗೆ ಒಂದು ಕ್ಷಣ ಬಾಗಿ, ಆಮೇಲೆ ಎದ್ದ. ಎದ್ದವನು ಹೆಂಡತಿ ಪಾತ್ರದವಳ ಹಿಂದಿನಿಂದ ಹಾದು ಹೋಗುವಾಗ, ಎರಡು ಬೆರಳಿನಿಂದ ಅವಳ ಭುಜವನ್ನು ತಟ್ಟಿದ, ಮುಖ ನೋಡದೆ. ಲೋಟಗಳನ್ನು ಒಂದೇ ಕೈಯಲ್ಲಿ ಬೆರಳು ತೂರಿಸಿ ಎತ್ತಿಕೊಂಡ. ತೊಟ್ಟಿಯ ಬಳಿ ನಿಂತು ಅಂಗಿಯ ತೋಳು ಮಡಿಚಿ, ಒಂದೊಂದು ಲೋಟವನ್ನೂ ದೀಪಕ್ಕೆ ಹಿಡಿದು ನೋಡಿದ, ಬೇರಿಂಗ್ ಪರೀಕ್ಷಿಸುವ ಹಾಗೆ. ಗಂಟಲಲ್ಲೇ ಯಾವುದೋ ಭಜನೆ ಗುನುಗಿದ. ಮೇಜಿನ ಕೆಳಗೆ ಓದುತ್ತ ಕೂತ ಹುಡುಗ ಪುಸ್ತಕವನ್ನು ಮಾತ್ರ ನೋಡುತ್ತಿರಲಿಲ್ಲ ಎಂದು ನನಗೆ ಆಗ ತಿಳಿಯಿತು.

ಪೇನ್ ಕಣ್ಣು ಮಿಟುಕಿಸದೆ ನೋಡಿಕೊಂಡ. ದೊಡ್ಡ ನಟ ಎನ್ನುವುದು ಸುಮ್ಮನೆ ಅಲ್ಲ. ಒಂದೇ ಸಲಕ್ಕೆ ಹಾಗೆಯೇ ಮಾಡಿದ, ಆ ಎರಡು ಬೆರಳು ಸಹಿತ.

ಅಮ್ಮ ಏನೂ ಹೇಳಲಿಲ್ಲ. ಹೋಟೆಲಿನಲ್ಲಿ ಏನೂ ಹೇಳಲಿಲ್ಲ, ವಿಮಾನದಲ್ಲಿ ನಿದ್ದೆ ಹೋದಳು.

ಚಾನೆಲ್‌ನವರಿಗೆ ಆ ದೃಶ್ಯ ಹಿಡಿಸಲಿಲ್ಲವಂತೆ. ಡಾಕ್ಟರ್ ಯಾಕೆ ಲೋಟ ತೊಳೆಯುತ್ತಾನೆ, ಮನೆಯಲ್ಲಿ ಹೆಂಗಸರಿಲ್ಲವೇ ಎಂದರಂತೆ. ಸೋತ ಗಂಡಸನ್ನು ನೋಡಿ ನಮ್ಮ ಜನಕ್ಕೆ ಬೇಸರವಾಗುವುದಿಲ್ಲವೇ ಎಂದೂ ಕೇಳಿದರಂತೆ, ನಮ್ಮ ಜನರ ಬಗ್ಗೆ ಅವರಿಗೆ ಅಷ್ಟು ಕಾಳಜಿ. ದೃಶ್ಯ ತೆಗೆದರೆ ತಾನೂ ಹೊರಡುತ್ತೇನೆ ಎಂದನಂತೆ ಥರ್ಮನ್. ಇದನ್ನೆಲ್ಲ ಅವನು ನನಗೆ ಗುರುವಾರ ಮಧ್ಯಾಹ್ನ ಹೇಳಿದ. ಆ ಸಂಜೆ ಧಾರಾವಾಹಿ ಮುಗಿಯುವವರೆಗೂ ಕಾಯಲಾರದೆ ನಡುವೆಯೇ ಫೋನ್ ಮಾಡಿದ. “ಮಾತಾಡ್ಬೇಡ ಅಕ್ಕಾ, ಸುಮ್ನೆ ಹಿಡ್ಕೊಂಡಿರು,” ಎಂದ. ನಾನು ಫೋನನ್ನು ಅಮ್ಮನ ಕುರ್ಚಿಯ ತೋಳಿನ ಬಳಿ ಹಿಡಿದುಕೊಂಡೆ. ಚಿಕ್ಕಮ್ಮ ವರ್ನೀಟಾ, ನನ್ನ ಮಕ್ಕಳು, ಪಕ್ಕದ ಮನೆಯವರು, ಎಲ್ಲರೂ ನೆಲದ ಮೇಲೆ ಕೂತಿದ್ದರು.

ಎಕ್ಕ ಬಿತ್ತು. ಮನೆಯಲ್ಲಿ ಗಲಾಟೆಯೋ ಗಲಾಟೆ. ಡಾಕ್ಟರ್ ಮೆರಿವೆದರ್ ಅಂಗೈಗಳನ್ನು ತೊಡೆಗೆ ಒತ್ತಿಕೊಂಡು ಎದ್ದ. ಚಿಕ್ಕಮ್ಮ ವರ್ನೀಟಾ “ಅಯ್ಯೋ ದೇವರೇ” ಎಂದಳು. ಅವನು ಹೆಂಡತಿಯ ಭುಜ ತಟ್ಟಿ, ಲೋಟಗಳನ್ನೆತ್ತಿಕೊಂಡು, ತೊಟ್ಟಿಯ ಬಳಿ ಹೋಗಿ ನಮಗೆ ಬೆನ್ನು ಮಾಡಿ ನಿಂತ.

ಅಮ್ಮ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದಳು.

“ಬಿಸಿನೀರು ಬಿಡು, ಪರ್ಸಿ,” ಎಂದಳು.

ಅದು ಶಾಲೆಯ ದನಿಯಲ್ಲ. ಅಪ್ಪ ಹೋದ ಮೇಲೆ ಆ ದನಿಯನ್ನು ನಾನು ಕೇಳಿರಲಿಲ್ಲ. ಗ್ಯಾಸು ಖರ್ಚಾದೀತೆಂದು ಅಪ್ಪ ಬದುಕಿದ್ದಷ್ಟು ಕಾಲವೂ ತಣ್ಣೀರಿನಲ್ಲೇ ತೊಳೆದ, ಅವಳೂ ಅಷ್ಟೂ ಕಾಲ ಇದನ್ನೇ ಹೇಳಿದಳು. ಜಾಹೀರಾತು ಬಂತು. ಫೋನಿನ ಆ ಬದಿಯಲ್ಲಿ ನನ್ನ ತಮ್ಮ ಬಿಕ್ಕುವುದು ನನಗೆ ಮಾತ್ರ ಕೇಳಿಸುತ್ತಿತ್ತು.

ಅಮ್ಮ ನನ್ನ ಕೈಯಿಂದ ಫೋನ್ ತೆಗೆದುಕೊಂಡಳು. ಕಿವಿಗೆ ಹಿಡಿದಳು.

“ಥರ್ಮನ್,” ಎಂದಳು. “ಮುಂದಿನ ವಾರಾನೂ ಬರ್ತಾನಾ?”